ತೂತುಬಿದ್ದ ಗೂಡಿಗೆ ಆಸ್ಪತ್ರೆಯಲ್ಲಿ ಏನು ಕೆಲಸ?

ಪ್ರಶ್ನೆ: ನಮ್ಮ ಅಪ್ಪನಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಅಂಗಾಲಿನಲ್ಲಿ ಆದ ಹುಣ್ಣು ಮಾಯುತ್ತಿಲ್ಲ. ರೇಷ್ಮೆಯಿಂದ ಮಾಡಿದ ಪಟ್ಟಿ ಬಂದಿದೆ, ಅದನ್ನು ಹಚ್ಚಿದರೆ ಬೇಗ ಮಾಯುತ್ತದೆ ಎಂದು ಯಾರೋ ಹೇಳಿದರು. ನಿಜವೇ? ನಮ್ಮ ಬೀಗರು ರೇಷ್ಮೆ ಹುಳು ಸಾಕುತ್ತಾರೆ. ಊಜಿ ನೊಣದ ಹುಳು ತೂತು ಹಾಕಿದ, ಯಾರೂ ಕೊಳ್ಳದ ಗೂಡುಗಳು ಅವರ ಮನೆಯಲ್ಲಿ ಚೀಲಗಟ್ಟಲೆ ಬಿದ್ದಿವೆ. ಅವನ್ನೇ ಚೆನ್ನಾಗಿ ಕುದಿಸಿ, ಕಪ್ಪತಗುಡ್ಡದ ಔಷಧಿ ಸೊಪ್ಪಿನ ರಸ ಹಾಕಿ ಕಟ್ಟಬಹುದೇ? ಹುಳು ಕೊಂದು ಮಾಡಿದ್ದು ಬೇಡ ಎಂದು ಅವ್ವ ಹಟ ಹಿಡಿದಿದ್ದಾಳೆ. ಅವಳಿಗೆ ಏನು ಹೇಳಲಿ?
– ಓದುಗರು, ಡಂಬಳ, ಮುಂಡರಗಿ ತಾಲ್ಲೂಕು

ಉತ್ತರ: ಎಲ್ಲಕ್ಕಿಂತ ಮೊದಲು, ಬೀಗರ ಮನೆಯ ಗೂಡನ್ನು ಅಪ್ಪನ ಹುಣ್ಣಿನ ಮೇಲೆ ಇಡಬೇಡಿ. ಎಷ್ಟು ಕುದಿಸಿದರೂ ಬೇಡ. ಹುಳು ಮನೆಯ ಹಿಕ್ಕೆ, ಗೂಡು ಕಟ್ಟಿಸುವ ಚಂದ್ರಿಕೆಯ ಧೂಳು, ಸೋಂಕು ಬಾರದಿರಲೆಂದು ಉದುರಿಸಿದ ಪುಡಿ, ಊಜಿ ಹುಳು ಬಿಟ್ಟುಹೋದ ಕೊಳೆ ಎಲ್ಲವೂ ಆ ಎಳೆಗಳ ನಡುವೆ ಕೂತಿರುತ್ತವೆ. ನೀರು ಕುದಿಸಿದರೆ ಬಹಳಷ್ಟು ರೋಗಾಣು ಸಾಯುತ್ತವೆ ನಿಜ. ಆದರೆ ಧನುರ್ವಾಯು ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಬರೀ ಕುದಿಯುವ ನೀರಿಗೆ ಸುಲಭವಾಗಿ ಮಣಿಯುವುದಿಲ್ಲ. ಕೈ ಕೊಯ್ದುಕೊಂಡಾಗ ಮೂಲೆಯ ಜೇಡರ ಬಲೆ ತೆಗೆದು ಒತ್ತುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಅಪಾಯ ಅಲ್ಲಿಯೂ ಇದೇ. ರೇಷ್ಮೆಗೆ ಗಾಯದ ಜೊತೆ ಹೊಂದಿಕೊಳ್ಳುವ ಗುಣ ಇದೆ. ಆದರೆ ಆ ಗುಣ ಗೂಡಿನಿಂದ ನೇರವಾಗಿ ಸಿಗುವಂಥದ್ದಲ್ಲ.

ಇನ್ನು ಮೂಲ ಪ್ರಶ್ನೆ. ರೇಷ್ಮೆ ಆಸ್ಪತ್ರೆಗೆ ಹೊಸದಾಗಿ ಬಂದ ವಸ್ತುವೇನಲ್ಲ. ಹಲ್ಲು ಕೀಳಿಸಿಕೊಂಡು ಹೊಲಿಗೆ ಹಾಕಿಸಿಕೊಂಡವರು ಬಾಯಲ್ಲಿ ನಾಲಿಗೆಗೆ ಸಿಗುತ್ತಿದ್ದ ಕಪ್ಪು ದಾರವನ್ನು ನೆನೆಯಬಹುದು. ಅದು ಬಹುಮಟ್ಟಿಗೆ ರೇಷ್ಮೆ. ಆಪರೇಷನ್ ಥಿಯೇಟರಿನಲ್ಲಿ ಅದಕ್ಕೆ ಸಿಲ್ಕ್ ಎಂದೇ ಹೆಸರು. ‘3-0 ಸಿಲ್ಕ್ ಕೊಡಿ’ ಎಂದರೆ ನರ್ಸ್‌ಗೆ ದಾರದ ದಪ್ಪ ಗೊತ್ತಾಗುತ್ತದೆ. ಹಲವು ಎಳೆಗಳನ್ನು ಜಡೆಯಂತೆ ಹೆಣೆದು, ಮೇಲೆ ಮೇಣವನ್ನೋ ಸಿಲಿಕೋನನ್ನೋ ಲೇಪಿಸಿ ಈ ದಾರ ಮಾಡುತ್ತಾರೆ. ಬೆರಳಿಗೆ ಮೃದು, ಗಂಟು ಹಾಕಿದರೆ ಜಾರುವುದಿಲ್ಲ. ನೈಲಾನ್ ಬಂದ ಮೇಲೂ ಶಸ್ತ್ರವೈದ್ಯರು ಇದನ್ನು ಬಿಡದಿರಲು ಆ ಗಂಟೇ ಕಾರಣ. ಪುಸ್ತಕದಲ್ಲಿ ಇದು ‘ದೇಹದಲ್ಲಿ ಕರಗದ ದಾರ’ ಎಂಬ ವರ್ಗಕ್ಕೆ ಸೇರಿದೆ. ವಾಸ್ತವದಲ್ಲಿ ಒಳಗೆ ಬಿಟ್ಟ ರೇಷ್ಮೆ ವರ್ಷದೊಳಗೆ ತನ್ನ ಬಲವನ್ನು ಬಹುಪಾಲು ಕಳೆದುಕೊಳ್ಳುತ್ತದೆ, ಎರಡು ವರ್ಷದ ಹೊತ್ತಿಗೆ ಹುಡುಕಿದರೂ ಸಿಗದಂತಾಗುತ್ತದೆ. ರೇಷ್ಮೆ ಒಂದು ಪ್ರೋಟೀನ್, ದೇಹದ ಕಿಣ್ವಗಳು ಅದನ್ನು ನಿಧಾನವಾಗಿ ಕತ್ತರಿಸಿ ಅಮೈನೋ ಆಮ್ಲಗಳನ್ನಾಗಿ ಮಾಡುತ್ತವೆ. ಹೊಸ ಸಂಶೋಧನೆಯೆಲ್ಲ ನಿಂತಿರುವುದು ಈ ನಿಧಾನದ ಮೇಲೆ.

ಒಂದು ಎಚ್ಚರವನ್ನೂ ಇಲ್ಲೇ ಹೇಳಬೇಕು. ಹೆಣೆದ ದಾರದ ಸಂದಿಗಳಲ್ಲಿ ದ್ರವ ಏರುತ್ತದೆ, ಅದರ ಜೊತೆ ರೋಗಾಣುವೂ ಏರುತ್ತದೆ. ಹಾಗಾಗಿ ಕೀವಾದ ಗಾಯಕ್ಕೆ ವೈದ್ಯರು ಸಾಮಾನ್ಯವಾಗಿ ರೇಷ್ಮೆ ದಾರ ಹಾಕುವುದಿಲ್ಲ. ರೇಷ್ಮೆ ಎಂದ ಮಾತ್ರಕ್ಕೆ ಎಲ್ಲ ಗಾಯಕ್ಕೂ ಒಳ್ಳೆಯದು ಎಂದು ಹೇಳುವವರನ್ನು ನಂಬಬೇಡಿ.

ಹಳೆಯ ನೆನಪು ಇನ್ನೂ ದೂರ ಹೋಗುತ್ತದೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಗಾಯ ಕಟ್ಟಲು ಬಳಸುವ ವಸ್ತುಗಳ ಪಟ್ಟಿ ಇದೆ. ಹತ್ತಿ, ನಾರು, ಉಣ್ಣೆ, ಚರ್ಮಗಳ ಜೊತೆ ಕೌಶೇಯ, ಚೀನಪಟ್ಟ ಎಂಬ ರೇಷ್ಮೆ ಬಟ್ಟೆಗಳೂ ಅಲ್ಲಿವೆ.  ಸ್ಪೇನಿನ ಮುರ್ಸಿಯಾ ಪ್ರದೇಶದಲ್ಲಿ ಗೂಡು ಕಟ್ಟಲು ಹಣ್ಣಾದ ರೇಷ್ಮೆ ಹುಳುವನ್ನು ವಿನೆಗರಿನಲ್ಲಿ ನೆನೆಸಿ, ಒಳಗಿನ ರೇಷ್ಮೆ ಗ್ರಂಥಿಯನ್ನೇ ಹೊರಗೆಳೆದು ಉದ್ದಕ್ಕೆ ಜಗ್ಗಿ ಗಟ್ಟಿ ತಂತಿ ಮಾಡುತ್ತಿದ್ದರು. ಮೀನುಗಾರರು ಗಾಳಕ್ಕೆ ಕಟ್ಟಿಕೊಳ್ಳುತ್ತಿದ್ದುದು, ವೈದ್ಯರು ಹೊಲಿಗೆಗೆ ಬಳಸುತ್ತಿದ್ದುದು ಒಂದೇ ತಂತಿ. ನೈಲಾನ್ ಬಂದು ಆ ಕಸುಬು ಮುಳುಗಿತು.

ರೇಷ್ಮೆ ಎಳೆ ಹುಟ್ಟುವುದನ್ನು ನೀವು ಬೀಗರ ಮನೆಯಲ್ಲೇ ನೋಡಬಹುದು. ನಾಲ್ಕು ಜ್ವರ (ಪೊರೆ ಬಿಡುವ ಹಂತ) ಕಳೆದ ಹುಳು ಒಂದು ವಾರ ಸೊಪ್ಪು ಮುಕ್ಕಿ ಹಣ್ಣಾಗುತ್ತದೆ. ಮೈ ಬೆಳ್ಳಗಿದ್ದದ್ದು ನಸು ಹಳದಿಗೆ ತಿರುಗಿ ಬೆಳಕು ದಾಟುವಂತೆ ಆಗುತ್ತದೆ, ಹೊಟ್ಟೆ ಖಾಲಿ ಮಾಡಿಕೊಂಡು ತಲೆಯೆತ್ತಿ ಆಚೀಚೆ ಹುಡುಕುತ್ತದೆ. ಚಂದ್ರಿಕೆಗೆ ಬಿಟ್ಟರೆ ಇಂಗ್ಲಿಷಿನ ಎಂಟರ ಅಂಕಿಯ ಹಾಗೆ ತಲೆ ಆಡಿಸುತ್ತ ಎರಡು ಮೂರು ದಿನ ಬಿಡುವಿಲ್ಲದೆ ಸುತ್ತಿಕೊಳ್ಳುತ್ತದೆ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಒಂದೇ ಎಳೆ ಒಂದು ಕಿಲೋಮೀಟರ್ ದಾಟುತ್ತದೆ. ಹುಳುವಿನ ಮೈಯೊಳಗೆ ಎರಡು ಉದ್ದನೆಯ ಗ್ರಂಥಿಗಳಿವೆ. ಹಿಂಭಾಗದಲ್ಲಿ ಫೈಬ್ರಾಯಿನ್ ಎಂಬ ಪ್ರೋಟೀನ್ ತಯಾರಾಗುತ್ತದೆ, ನಡುಭಾಗದಲ್ಲಿ ಸೆರಿಸಿನ್ ಎಂಬ ಅಂಟು ಅದರ ಸುತ್ತ ಸೇರುತ್ತದೆ. ಅಲ್ಲಿಯವರೆಗೆ ಎಲ್ಲವೂ ನೀರಿನಲ್ಲಿ ಕರಗಿದ ಮಂದ ದ್ರವ. ಬಾಯಿಯ ಕಡೆಗಿನ ಸಣ್ಣ ನಾಳದಲ್ಲಿ ಆಮ್ಲತೆ ಸ್ವಲ್ಪ ಏರುತ್ತದೆ, ನೀರು ಇಳಿಯುತ್ತದೆ, ತಲೆ ಆಡಿಸಿದ ಎಳೆತಕ್ಕೆ ಪ್ರೋಟೀನ್ ಸರಪಳಿಗಳು ಒಂದೇ ದಿಕ್ಕಿಗೆ ಸಾಲಾಗುತ್ತವೆ. ಹೊರಬಿದ್ದ ಕ್ಷಣ ಅದು ನೀರಿನಲ್ಲಿ ಕರಗದ ಎಳೆ. ಬೆಂಕಿಯಿಲ್ಲ, ವಿಷದ ದ್ರಾವಕವಿಲ್ಲ. ಇಷ್ಟು ಸೌಮ್ಯವಾಗಿ ಇಷ್ಟು ಗಟ್ಟಿ ಎಳೆ ಮಾಡುವ ಕಾರ್ಖಾನೆಯನ್ನು ಮನುಷ್ಯ ಇನ್ನೂ ಕಟ್ಟಿಲ್ಲ.

ಫೈಬ್ರಾಯಿನಿನ ದೊಡ್ಡ ಸರಪಳಿಯಲ್ಲಿ 5 ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳಿವೆ. ಅವುಗಳಲ್ಲಿ ಗ್ಲೈಸಿನ್, ಅಲನಿನ್, ಸೆರಿನ್ ಎಂಬ ಮೂರು ಸಣ್ಣ ಆಮ್ಲಗಳದ್ದೇ ಮೇಲುಗೈ. ಚಿಕ್ಕವಾದ್ದರಿಂದ ಈ ಭಾಗಗಳು ಖಡಕ್ ರೊಟ್ಟಿಯನ್ನು ಒಂದರ ಮೇಲೊಂದು ಒಟ್ಟಿದ ಹಾಗೆ ಸಂದಿಲ್ಲದೆ ಕೂರುತ್ತವೆ. ಇವು ಹರಳಿನಂಥ ಗಟ್ಟಿ ಭಾಗಗಳು. ನಡುನಡುವೆ ಸಡಿಲವಾದ, ಬಾಗುವ ಭಾಗಗಳೂ ಇವೆ. ಕಿಣ್ವಗಳು ಸಡಿಲ ಭಾಗವನ್ನು ಬೇಗ ಕತ್ತರಿಸುತ್ತವೆ, ಗಟ್ಟಿ ಭಾಗಕ್ಕೆ ಕಾಲ ಹಿಡಿಯುತ್ತದೆ. ಆದ್ದರಿಂದ ಗಟ್ಟಿ ಭಾಗ ಎಷ್ಟಿರಬೇಕೆಂದು ಹದ ಮಾಡಿದರೆ ಅದೇ ರೇಷ್ಮೆ ಕೆಲವು ವಾರಗಳಲ್ಲಿ ಕರಗುವಂತೆಯೂ ಮಾಡಬಹುದು, ವರ್ಷ ದಾಟುವಂತೆಯೂ ಮಾಡಬಹುದು.

ಪ್ರಯೋಗಾಲಯದಲ್ಲಿ ನಡೆಯುವುದು ಹುಳುವಿನ ಕೆಲಸವನ್ನು ಹಿಂದಕ್ಕೆ ತಿರುಗಿಸುವುದು. ಗೂಡನ್ನು ಚೂರು ಮಾಡಿ ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಸುಮಾರು ಅರ್ಧ ತಾಸು ಕುದಿಸುತ್ತಾರೆ. ತೂಕದ ಕಾಲು ಭಾಗದಷ್ಟಿರುವ ಸೆರಿಸಿನ್ ಬಿಟ್ಟುಹೋಗಿ ಹತ್ತಿಯಂಥ ಬಿಳಿ ಫೈಬ್ರಾಯಿನ್ ಉಳಿಯುತ್ತದೆ. ಬೆಟಗೇರಿಯ ನೇಕಾರರಿಗೂ ಅಂಟು ತೆಗೆದ ರೇಷ್ಮೆಯ ನುಣುಪು ಗೊತ್ತು. ನೇಯ್ಗೆಯವರು ಹೊಳಪಿಗಾಗಿ ಅಂಟು ತೆಗೆಯುತ್ತಾರೆ, ಇಲ್ಲಿ ಕಾರಣ ಬೇರೆ. ಅಂಟಿನ ಸಮೇತ ಇರುವ ಹಸಿ ರೇಷ್ಮೆಯನ್ನು ದೇಹದೊಳಗೆ ಬಿಟ್ಟರೆ ಕೆಲವರಲ್ಲಿ ಉರಿಯೂತ, ಅಲರ್ಜಿ ಕಾಣಿಸುತ್ತಿತ್ತು. ನೂಲು ಬಿಚ್ಚಾಣಿಕೆ ಕೇಂದ್ರಗಳ ಹಬೆಯಲ್ಲಿ ದುಡಿಯುವವರಿಗೆ ಬರುವ ಅಸ್ತಮಾಕ್ಕೂ ರೇಷ್ಮೆಯ ಪ್ರೋಟೀನುಗಳ ನಂಟಿದೆ. ನಮ್ಮ ರಾಜ್ಯದಲ್ಲಿ ಈ ಕೆಲಸ ಬಹುಮಟ್ಟಿಗೆ ಹೆಂಗಸರದ್ದು. ಔಷಧಿಯಾಗುವ ರೇಷ್ಮೆಯ ಬಗ್ಗೆ ಬರೆಯುವಾಗ ಇವರ ಎದೆಯ ಉಬ್ಬಸವನ್ನು ಬಿಟ್ಟು ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಹಬೆ ಹೊರಹೋಗುವ ಕಿಂಡಿ, ಗಾಳಿ ಎಳೆಯುವ ಪಂಖ ಇಷ್ಟಿದ್ದರೂ ಅವರಿಗೆ ಆಗುವ ಉಪಕಾರ ದೊಡ್ಡದು.

ಬಿಳಿ ಫೈಬ್ರಾಯಿನನ್ನು ಒಣಗಿಸಿ ಲಿಥಿಯಂ ಬ್ರೋಮೈಡ್ ಎಂಬ ಲವಣದ ಗಟ್ಟಿ ದ್ರಾವಣದಲ್ಲಿ, 60 ಡಿಗ್ರಿ ಶಾಖದಲ್ಲಿ ಸುಮಾರು ನಾಲ್ಕು ತಾಸು ಇಟ್ಟರೆ ಅದು ಜೇನಿನ ಬಣ್ಣದ ದ್ರವವಾಗುತ್ತದೆ. ಕಿಡ್ನಿ ಕೆಟ್ಟವರಿಗೆ ಡಯಾಲಿಸಿಸ್ ಮಾಡುವ ತತ್ವದಲ್ಲೇ ತೆಳು ಪೊರೆಯೊಳಗೆ ತುಂಬಿ, ನೀರು ಬದಲಿಸುತ್ತ ಎರಡು ಮೂರು ದಿನ ಬಿಟ್ಟರೆ ಲವಣವೆಲ್ಲ ಹೊರಹೋಗಿ ನೀರಿನಲ್ಲಿ ಕರಗಿದ ಶುದ್ಧ ರೇಷ್ಮೆ ಕೈಗೆ ಬರುತ್ತದೆ. ತಟ್ಟೆಗೆ ಹೊಯ್ದು ಒಣಗಿಸಿದರೆ ಗಾಜಿನಂತೆ ಪಾರದರ್ಶಕ ಹಾಳೆ. ಹೆಪ್ಪುಗಟ್ಟಿಸಿ ನೀರು ಹಾರಿಸಿದರೆ ಸ್ಪಂಜು. ಬೇರೆ ಹದದಲ್ಲಿ ಜೆಲ್, ಪುಡಿ, ನವಿರು ದಾರ.

ನಿಮ್ಮ ಬೀಗರ ಚೀಲಗಳಿಗೆ ಸಂಬಂಧಿಸಿದ ಮಾತು ಇಲ್ಲಿದೆ. ಗೂಡಿಗೆ ತೂತು ಬಿದ್ದರೆ ಎಳೆ ತುಂಡಾಗುತ್ತದೆ, ನೂಲು ಬಿಚ್ಚಲು ಬರುವುದಿಲ್ಲ, ಆದ್ದರಿಂದ ಗೂಡಿನ ಮಾರುಕಟ್ಟೆಯಲ್ಲಿ ಅದಕ್ಕೆ ಒಳ್ಳೆಯ ಬೆಲೆಯಿಲ್ಲ. ಕರಗಿಸುವವರಿಗೆ ಎಳೆಯ ಉದ್ದ ಬೇಕಾಗಿಯೇ ಇಲ್ಲ. ತೂತಿನ ಗೂಡಿನ ಪ್ರೋಟೀನ್, ಮೊದಲ ದರ್ಜೆಯ ಗೂಡಿನ ಪ್ರೋಟೀನ್ ಎರಡೂ ಒಂದೇ. ಸೀರೆಯ ಲೆಕ್ಕದಲ್ಲಿ ಕಸವಾದದ್ದು ವೈದ್ಯಕೀಯದ ಲೆಕ್ಕದಲ್ಲಿ ಕಚ್ಚಾ ಮಾಲು. ರೇಷ್ಮೆ ಎಂದರೆ ಹೊಳಪು, ಉದ್ದ, ಸೀರೆ ಎಂದು ಕಲಿತ ನಾವು ಈ ವಸ್ತುವಿನ ಅರ್ಧವನ್ನಷ್ಟೇ ನೋಡಿದ್ದೇವೆ ಎಂದು ನನಗೆ ಬಲವಾಗಿ ಅನಿಸುತ್ತದೆ.

ಅದರಿಂದ ಈಗ ಏನೇನು ಆಗಿದೆ? ಬೆಂಗಳೂರಿನಲ್ಲೇ ಫೈಬ್ರೋಹೀಲ್ ಎಂಬ ಕಂಪನಿ ರೇಷ್ಮೆ ಪ್ರೋಟೀನಿನಿಂದ ಗಾಯದ ಪಟ್ಟಿ, ಪುಡಿ, ಮುಲಾಮು ತಯಾರಿಸುತ್ತಿದೆ. ನೀವು ಕೇಳಿದ ಪಟ್ಟಿ ಇಂಥದ್ದೇ ಇರಬೇಕು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮೂಳೆಯ ಪೊಳ್ಳು ತುಂಬುವ ರೇಷ್ಮೆಯ ಮೇಲೆ ಕೆಲಸ ನಡೆದಿದೆ. ದಕ್ಷಿಣ ಕೊರಿಯಾದ ವೈದ್ಯರು ಕಿವಿಯ ತಮಟೆಯ ತೂತಿಗೆ ತೆಳು ರೇಷ್ಮೆ ಹಾಳೆ ಹಚ್ಚಿ ನೋಡಿದ್ದಾರೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕಪ್ಲಾನ್ ಅವರ ತಂಡ ದಶಕಗಳಿಂದ ಇದೇ ಕೆಲಸದಲ್ಲಿದೆ. ಅವರು ಮತ್ತು ಜೊತೆಗಾರರು 2014ರಲ್ಲಿ ಗಟ್ಟಿ ರೇಷ್ಮೆಯನ್ನು ಕಡೆದು ಸ್ಕ್ರೂ ಮಾಡಿ ಇಲಿಗಳ ಕಾಲುಮೂಳೆಗೆ ತಿರುಗಿಸಿ ಕೂರಿಸಿದ ವರದಿ ಪ್ರಕಟಿಸಿದರು. ಲೋಹದ ಸ್ಕ್ರೂ ಆದರೆ ತೆಗೆಯಲು ಕೆಲವೊಮ್ಮೆ ಇನ್ನೊಂದು ಆಪರೇಷನ್ ಬೇಕು, ಇದು ತಾನಾಗಿ ಕರಗುವಂಥದ್ದು.

ಕುದಿಸಿ ತೆಗೆದ ಸೆರಿಸಿನ್ ಕೂಡ ವ್ಯರ್ಥವಲ್ಲ. ಪ್ರತ್ಯೇಕವಾಗಿ ಶುದ್ಧಮಾಡಿದ ಸೆರಿಸಿನ್ ನೀರನ್ನು ಹಿಡಿದಿಡುತ್ತದೆ, ಚರ್ಮದ ಕೋಶಗಳ ಬೆಳವಣಿಗೆಗೆ ನೆರವಾಗುತ್ತದೆ. 2013ರಲ್ಲಿ ಪ್ರಕಟವಾದ ಥಾಯ್ಲೆಂಡಿನ ಒಂದು ಅಧ್ಯಯನದಲ್ಲಿ ಸುಟ್ಟಗಾಯಕ್ಕೆ ಹಚ್ಚುವ ಮಾಮೂಲಿ ಬೆಳ್ಳಿಯ ಮುಲಾಮಿಗೆ ಸೆರಿಸಿನ್ ಬೆರೆಸಿದಾಗ ಗಾಯ ಸರಾಸರಿ 22 ದಿನಗಳಲ್ಲಿ ಮಾಯಿತು, ಬೆರೆಸದ ಮುಲಾಮಿನಲ್ಲಿ 29 ದಿನ ಹಿಡಿಯಿತು. ಅಧ್ಯಯನ ಚಿಕ್ಕದು, ನೋಡಿದ್ದು ಸುಟ್ಟಗಾಯವನ್ನು. ಸಕ್ಕರೆ ಕಾಯಿಲೆಯ ಹುಣ್ಣಿಗೂ ಅದೇ ಲೆಕ್ಕ ಎಂದು ಯಾರೂ ಹೇಳಲಾಗದು.

ನನಗೆ ಹೆಚ್ಚು ಆಸೆ ಹುಟ್ಟಿಸಿದ್ದು ಬೇರೊಂದು ಗುಣ. ಮುಂಡರಗಿ ಸೀಮೆಯ ಬೇಸಿಗೆಯಲ್ಲಿ 40 ಡಿಗ್ರಿ ಬಿಸಿಲಿಗೆ, ಕರೆಂಟ್ ಹೋದ ಮಧ್ಯಾಹ್ನ ಲಸಿಕೆಯ ಪೆಟ್ಟಿಗೆಯ ಮಂಜುಗಡ್ಡೆ ಕರಗದಂತೆ ಕಾಯುವ ಆರೋಗ್ಯ ಸಹಾಯಕಿಯರ ಪಾಡು ನಿಮಗೆ ಗೊತ್ತೇ ಇದೆ. ಟಫ್ಟ್ಸ್ ತಂಡ 2012ರಲ್ಲಿ ದಡಾರ, ಮಂಗನಬಾವು, ರುಬೆಲ್ಲಾಗಳ ಎಂಎಂಆರ್ ಲಸಿಕೆಯನ್ನು ರೇಷ್ಮೆ ಹಾಳೆಯೊಳಗೆ ಸೇರಿಸಿ ಒಣಗಿಸಿ ಇಟ್ಟು ನೋಡಿತು. 45 ಡಿಗ್ರಿಯಲ್ಲಿ ಆರು ತಿಂಗಳಾದ ಮೇಲೂ ಶೇ. 80ಕ್ಕಿಂತ ಹೆಚ್ಚು ಶಕ್ತಿ ಉಳಿದಿತ್ತು. ಪೆನಿಸಿಲಿನ್ನಿನಂಥ ಔಷಧಿ 60 ಡಿಗ್ರಿಯನ್ನೂ ತಾಳಿತು. ಗಟ್ಟಿ ರೇಷ್ಮೆಯ ಸಣ್ಣ ಪೊಳ್ಳುಗಳಲ್ಲಿ ಸಿಕ್ಕಿಕೊಂಡ ಔಷಧದ ಅಣು ಅಲ್ಲಾಡಲಾರದೆ, ನೀರು ತಾಗದೆ ಕೆಡುವುದು ತಡವಾಗುತ್ತದೆ. ಇದು ನಮ್ಮ ಉಪಕೇಂದ್ರಗಳ ತನಕ ಬರಲು ಇನ್ನೂ ದಾರಿ ಇದೆ. ಬಂದರೆ ಅದರ ಪ್ರಯೋಜನ ಅಮೆರಿಕಕ್ಕಿಂತ ಡಂಬಳಕ್ಕೇ ಹೆಚ್ಚು.

ಕಪ್ಪತಗುಡ್ಡದ ಸೊಪ್ಪಿನ ಪ್ರಶ್ನೆಗೂ ಉತ್ತರ ಔಷಧವನ್ನು ಹಿಡಿದಿಡುವ ಈ ಗುಣದಲ್ಲೇ ಇದೆ. ಸಸ್ಯದ ಸಾರವನ್ನು ರೇಷ್ಮೆ ಹಾಳೆಗೆ ಸೇರಿಸುವುದು ಸಾಧ್ಯ. ಅರಿಶಿನದ ಕರ್ಕ್ಯುಮಿನ್ ಸೇರಿಸಿ ಪ್ರಯೋಗಾಲಯಗಳಲ್ಲಿ ಪರೀಕ್ಷೆಗಳೂ ಆಗಿವೆ. ಅಲ್ಲಿ ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಬಿಡುಗಡೆ ಎಂಬ ಲೆಕ್ಕ ಇರುತ್ತದೆ. ಗುಡ್ಡದ ಗಿಡಗಳ ಬಗ್ಗೆ ನನಗೆ ಅಪಾರ ಗೌರವ ಇದೆ. ಆದರೂ ತೆರೆದ ಹುಣ್ಣಿಗೆ ಹಸಿ ರಸ ಹಿಂಡುವುದನ್ನು ದಯವಿಟ್ಟು ಮಾಡಬೇಡಿ.

ಇಲ್ಲಿಯವರೆಗೆ ಹೇಳಿದ್ದು ಹಿಪ್ಪುನೇರಳೆ ಹುಳುವಿನ ರೇಷ್ಮೆ, ಆದರೆ ರೇಷ್ಮೆ ನೂಲುವುದು ಅದೊಂದೇ ಅಲ್ಲ. ನಿಮ್ಮ ಎರೆ ಹೊಲದ ಹತ್ತಿ ಎಲೆಯನ್ನು ಮಗುಚಿ ನೋಡಿದರೆ ಕೂದಲಿಗಿಂತ ತೆಳುವಾದ ಕಡ್ಡಿಯ ತುದಿಯಲ್ಲಿ ಪುಟ್ಟ ಹಸಿರು ಮೊಟ್ಟೆ ನಿಂತಿರುವುದು ಕಾಣಬಹುದು. ಅದು ಗಿಡಹೇನು ತಿನ್ನುವ ಹಸಿರು ಜಾಲರೆಕ್ಕೆ ಕೀಟದ ಮೊಟ್ಟೆ, ಆ ಕಡ್ಡಿಯೂ ರೇಷ್ಮೆಯೇ. ತಾಯಿ ಕೀಟ ಒಂದು ಹನಿ ಇಟ್ಟು ಹೊಟ್ಟೆಯನ್ನು ಮೇಲೆತ್ತುತ್ತದೆ, ಹನಿ ಎಳೆಯಾಗಿ ಬಿಗಿಯುತ್ತದೆ. ಹಿಪ್ಪುನೇರಳೆ ರೇಷ್ಮೆಯಲ್ಲಿ ಸರಪಳಿಗಳು ಎಳೆಯ ಉದ್ದಕ್ಕೆ ಸಾಗಿದರೆ ಇದರಲ್ಲಿ ಅಡ್ಡಕ್ಕೆ ಮಡಚಿಕೊಂಡಿರುತ್ತವೆ, ಆದ್ದರಿಂದ ಈ ಕಡ್ಡಿ ಬಾಗದೆ ಸೆಟೆದು ನಿಲ್ಲುತ್ತದೆ. ಮಲೆನಾಡಿನ ಚಗಳಿ ಇರುವೆ ತನ್ನ ಮರಿಯನ್ನು ಬಾಯಲ್ಲಿ ಕಚ್ಚಿ ಅದರ ರೇಷ್ಮೆಯಿಂದ ಎಲೆಗಳನ್ನು ಅಂಟಿಸುತ್ತದೆ. ಟಸಾರ್ ಮತ್ತು ಮೂಗಾ ರೇಷ್ಮೆಗಳಲ್ಲಿ ನಮ್ಮ ದೇಹದ ಕೋಶಗಳು ಹಿಡಿದುಕೊಳ್ಳಲು ಅನುಕೂಲವಾದ ಒಂದು ಪುಟ್ಟ ಅಮೈನೋ ಆಮ್ಲದ ಜೋಡಣೆ ಇದೆ, ಹಿಪ್ಪುನೇರಳೆ ರೇಷ್ಮೆಯಲ್ಲಿ ಅದಿಲ್ಲ. ಜೇಡವೂ ರೇಷ್ಮೆ ನೂಲುತ್ತದೆ, ಆದರೆ ಅದು ಕೀಟವಲ್ಲ, ಎಂಟು ಕಾಲಿನದು. ಒಟ್ಟಿಗೆ ಸಾಕಿದರೆ ಒಂದನ್ನೊಂದು ತಿನ್ನುವುದರಿಂದ ಅದರ ರೇಷ್ಮೆ ಕೃಷಿ ಆಗುವುದಿಲ್ಲ.

ಅವ್ವನ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಸೀರೆಯ ರೇಷ್ಮೆಗಾಗಿ ಗೂಡಿನೊಳಗಿನ ಜೀವವನ್ನು ಹಬೆಯಲ್ಲಿ ಇಲ್ಲವೇ ಬಿಸಿಗಾಳಿಯಲ್ಲಿ ಕೊಲ್ಲುತ್ತಾರೆ, ಇದು ಸತ್ಯ. ಎಳೆ ತುಂಡಾಗದಿರಲಿ ಎಂಬುದೇ ಅದಕ್ಕೆ ಕಾರಣ. ಕರಗಿಸುವ ಕೆಲಸಕ್ಕೆ ಆ ಕಾರಣ ಅನ್ವಯಿಸುವುದಿಲ್ಲ. ಬಿತ್ತನೆ ಕೋಠಿಗಳಲ್ಲಿ ಮೊಟ್ಟೆಗಾಗಿ ಚಿಟ್ಟೆ ತಾನಾಗಿ ಹೊರಬಂದು ಬಿಟ್ಟುಹೋದ ಗೂಡನ್ನೂ ಬಳಸಬಹುದು. ಆದರೆ ಪೂರ್ತಿ ಹೇಳದಿದ್ದರೆ ಅವ್ವನಿಗೆ ಮೋಸ ಮಾಡಿದಂತೆ. ಬಿತ್ತನೆ ಕೋಠಿಯಲ್ಲಿ ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಪೆಬ್ರಿನ್ ರೋಗ ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. 1860ರ ದಶಕದಲ್ಲಿ ಲೂಯಿ ಪಾಸ್ಚರ್ ಕಲಿಸಿದ ಕ್ರಮ ಅದು. ಇಂದಿನ ಗಾಯದ ಪಟ್ಟಿಗಳು ಯಾವ ಗೂಡಿನಿಂದ ಬಂದವು ಎಂದು ಡಬ್ಬಿಯ ಮೇಲೆ ಸಾಮಾನ್ಯವಾಗಿ ಬರೆದಿರುವುದಿಲ್ಲ. ಇಷ್ಟನ್ನೂ ಹೇಳಿ, ತೀರ್ಮಾನ ಅವರಿಗೇ ಬಿಡಿ. ರೇಷ್ಮೆಯಲ್ಲದ ಒಳ್ಳೆಯ ಗಾಯದ ಪಟ್ಟಿಗಳೂ ಸಿಗುತ್ತವೆ, ಬೇಡವೆಂದರೆ ಅಪ್ಪನ ಚಿಕಿತ್ಸೆಗೆ ಕೊರತೆಯಾಗದು.

ಬೀಗರಿಗೆ ಒಂದು ಮಾತು. ದೇಶದ ಕಚ್ಚಾ ರೇಷ್ಮೆಯ ಸುಮಾರು ಮೂರನೇ ಒಂದು ಭಾಗ ಕರ್ನಾಟಕದ್ದು, ಆದರೆ ಅದರಲ್ಲಿ ಔಷಧಿಗೆ ಹೋಗುವುದು ಅತ್ಯಲ್ಪ. ಒಂದು ಗೂಡಿನ ಸಿಪ್ಪೆ ಸಾಮಾನ್ಯವಾಗಿ ಅರ್ಧ ಗ್ರಾಮೂ ತೂಗುವುದಿಲ್ಲ, ಒಂದು ಪಟ್ಟಿಗೆ ಬೇಕಾಗುವ ಪ್ರೋಟೀನ್ ಅದಕ್ಕಿಂತ ಬಹಳ ಹೆಚ್ಚೇನಲ್ಲ. ಆದ್ದರಿಂದ ಈ ಉದ್ಯಮಕ್ಕೆ ಲಾರಿಗಟ್ಟಲೆ ಗೂಡು ಬೇಡ. ಯಾವ ತಳಿ, ಯಾವ ಹೊಲದ ಸೊಪ್ಪು, ಏನು ಸಿಂಪಡಿಸಿದ್ದು ಎಂಬ ದಾಖಲೆಯಿರುವ ಸ್ವಚ್ಛ ಗೂಡು ಬೇಕು. ಪಕ್ಕದ ಹತ್ತಿ, ಮೆಣಸಿನ ಗಿಡಕ್ಕೆ ಹೊಡೆದ ಎಣ್ಣೆ ಗಾಳಿಯಲ್ಲಿ ಬಂದು ಹಿಪ್ಪುನೇರಳೆಗೆ ತಾಗಿದರೆ ಹುಳುವೇ ಉಳಿಯದು, ಅದು ನಿಮ್ಮ ಭಾಗದ ರೈತರಿಗೆ ಅನುಭವದ ಮಾತು. ಔಷಧಿಯ ಆಸೆಗೆ ಹೊಸದಾಗಿ ಹಿಪ್ಪುನೇರಳೆ ನೆಡುವುದು ಈಗಲೇ ಜಾಣತನವಲ್ಲ. ಇರುವ ತೂತು ಗೂಡನ್ನು ಒಣಗಿಸಿ, ಒಳಗಿನ ಕೊಳೆತ ಹುಳು ತೆಗೆದು, ಜೋಡಿ ಗೂಡಿನಿಂದ ಬೇರೆ ಮಾಡಿಟ್ಟರೆ ಸ್ಪನ್ ಸಿಲ್ಕ್ ನೂಲಿಗೆ ಕೊಳ್ಳುವ ವ್ಯಾಪಾರಿಗಳು ಸಿಗುತ್ತಾರೆ. ತಾಲ್ಲೂಕಿನ ರೇಷ್ಮೆ ಇಲಾಖೆಯಲ್ಲಿ ವಿಚಾರಿಸಲಿ.

ಕೊನೆಗೆ ಅಪ್ಪನ ಚಿಕಿತ್ಸೆ. ಸಕ್ಕರೆ ಕಾಯಿಲೆಯ ಕಾಲುಹುಣ್ಣಿಗೆ ಪಟ್ಟಿ ಯಾವುದು ಎಂಬುದು ಕಡೆಯ ಪ್ರಶ್ನೆ. ಅದಕ್ಕಿಂತ ಮುಂಚೆ ರಕ್ತದ ಸಕ್ಕರೆ ಹಿಡಿತದಲ್ಲಿರಬೇಕು, ಕಾಲಿಗೆ ರಕ್ತ ಹರಿಯುತ್ತಿದೆಯೇ ಎಂದು ನೋಡಬೇಕು, ಸತ್ತ ಮಾಂಸವನ್ನು ವೈದ್ಯರು ಕತ್ತರಿಸಿ ತೆಗೆಯಬೇಕು, ಹುಣ್ಣಿನ ಮೇಲೆ ಮೈಭಾರ ಬೀಳದಂತೆ ತಕ್ಕ ಚಪ್ಪಲಿ ಇಲ್ಲವೇ ಕಟ್ಟು ಬೇಕು. ಅಂಗಾಲಿನ ಹುಣ್ಣು ಮಾಯದಿರಲು ಮುಖ್ಯ ಕಾರಣ ಬಹಳ ಸಲ ಈ ಭಾರವೇ. ಇವು ಸರಿಯಿಲ್ಲದಿದ್ದರೆ ಎಂಥ ದುಬಾರಿ ರೇಷ್ಮೆ ಪಟ್ಟಿಯೂ ಕೆಲಸ ಮಾಡದು. ಸರಿಯಿದ್ದರೆ, ವೈದ್ಯರು ಒಪ್ಪಿದರೆ, ಬಳಸಲು ಅಂಜಿಕೆ ಬೇಡ. ಗದಗಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ತಡಮಾಡದೆ ಕರೆದುಕೊಂಡು ಹೋಗಿ. ಹುಣ್ಣಿನಿಂದ ವಾಸನೆ, ಸುತ್ತ ಕೆಂಪು, ಜ್ವರ, ಬೆರಳು ಕಪ್ಪಾಗುವುದು ಇವುಗಳಲ್ಲಿ ಒಂದು ಕಂಡರೂ ಅಂದೇ ಹೊರಡಿ. ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಹೋಗಿರಬಹುದಾದ್ದರಿಂದ ನೋವಿಲ್ಲ ಎಂದು ಅಪ್ಪ ಹೇಳಿದರೂ ಅದನ್ನು ನೆಚ್ಚಬೇಡಿ. ಇನ್ನೊಂದು ಪಾದದ ಅಂಗಾಲು, ಬೆರಳ ಸಂದಿಗಳನ್ನೂ ದಿನಾ ಬೆಳಕಿನಲ್ಲಿ ನೀವೇ ನೋಡಿ.